ಬಿ.ಎಚ್. ರಸ್ತೆ ಹಿಡಿದು ಕಡಲಿಗೆ: ತುಮಕೂರಿನವರಿಗೆ ನಾಲ್ಕು ದಿನದ ಕರಾವಳಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡುವವರಿಗೂ ಅದು ಬೆಂಗಳೂರು–ಹೊನ್ನಾವರ ರಸ್ತೆ ಎಂಬುದು ನೆನಪಿಗೆ ಬರುವುದಿಲ್ಲ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ, ಜೋಗದ ಮಗ್ಗುಲಲ್ಲೇ ಹಾದು, ಗೇರುಸೊಪ್ಪೆಯ ಘಟ್ಟ ಇಳಿದು ಆ ರಸ್ತೆ ಶರಾವತಿ ಕಡಲು ಸೇರುವ ಊರಿಗೆ ಹೋಗಿ ನಿಲ್ಲುತ್ತದೆ. ಹಳೆಯ ಲೆಕ್ಕದಲ್ಲಿ ಅದು 206ನೇ ರಾಷ್ಟ್ರೀಯ ಹೆದ್ದಾರಿ. ತುಮಕೂರಿನಿಂದ ಹೊನ್ನಾವರಕ್ಕೆ ಸುಮಾರು 365 ಕಿಲೋಮೀಟರ್. ಎಲ್ಲೂ ತಿರುಗಬೇಕಾಗಿಲ್ಲ, ಮನೆಯ ಮುಂದಿನ ರಸ್ತೆಯಲ್ಲೇ ಮುಂದಕ್ಕೆ ಹೋದರೆ ಆಯಿತು.

ಆದರೂ ನಮ್ಮ ಕಡೆಯವರ ಕರಾವಳಿ ಪ್ರವಾಸ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಂದು ಟೆಂಪೊ ಟ್ರಾವೆಲರ್, ಹದಿನಾಲ್ಕು ಜನ, ಮೂರು ದಿನ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಸಮಯ ಉಳಿದರೆ ಗೋಕರ್ಣ. ದೇವಸ್ಥಾನದ ಸರತಿ ಸಾಲಿನಲ್ಲಿ ಅರ್ಧ ದಿನ, ಗಾಡಿಯಲ್ಲಿ ಇನ್ನರ್ಧ ದಿನ, ಕಡಲಿಗೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲೇ ಎಲ್ಲರೂ ಮೈಮರೆತು ನೀರಿಗೆ ಇಳಿಯುತ್ತಾರೆ, ಅಪಾಯವಾಗುವುದೂ ಆಗಲೇ. ದೇವರ ಯಾತ್ರೆಯನ್ನು ಬೇಡ ಎನ್ನುತ್ತಿಲ್ಲ. ಅದನ್ನು ಬೇರೆ ಇಟ್ಟುಕೊಳ್ಳಿ, ಕಡಲಿಗೆಂದೇ ಒಮ್ಮೆ ಹೋಗಿ ಬನ್ನಿ ಎಂಬುದಷ್ಟೇ ನನ್ನ ಮಾತು.

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದವಿದೆ. ಅಷ್ಟನ್ನೂ ಒಂದೇ ಸಲಕ್ಕೆ ಮುಗಿಸುವ ಹಟ ಬಿಟ್ಟು ಒಂದು ತುಂಡನ್ನು ಆರಿಸಿಕೊಳ್ಳಬೇಕು. ತುಮಕೂರಿನಿಂದ ಹೊರಡುವವರಿಗೆ ನಾನು ಹೇಳುವುದು ಮುರುಡೇಶ್ವರದಿಂದ ಗೋಕರ್ಣದವರೆಗಿನ ತುಂಡು, ಹೊನ್ನಾವರದಲ್ಲಿ ಠಿಕಾಣಿ. ದಕ್ಷಿಣಕ್ಕೆ ಮುರುಡೇಶ್ವರ 27 ಕಿಲೋಮೀಟರ್, ಉತ್ತರಕ್ಕೆ ಕುಮಟಾ 20, ಗೋಕರ್ಣ ಐವತ್ತು ಚಿಲ್ಲರೆ. ಒಂದೇ ಕೋಣೆಗೆ ಮೂರು ರಾತ್ರಿ ಮರಳಬಹುದು. ಪ್ರತಿದಿನ ಗಂಟುಮೂಟೆ ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದೊಯ್ಯುವವರಿಗೆ ಇದು ಎಷ್ಟು ದೊಡ್ಡ ವಿಷಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ತಿಂಗಳು ಗೊತ್ತುಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಮಾತೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಆರೇಳು ನೂರು ಮಿಲಿಮೀಟರ್ ಆಸುಪಾಸು. ಹೊನ್ನಾವರದ ಕಡೆ ಅದು ಮೂರು ಸಾವಿರ ದಾಟುತ್ತದೆ, ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲಲ್ಲೇ ಹುಟ್ಟಿ ಬೆಳೆದವರು ದೋಣಿಯನ್ನು ದಡಕ್ಕೆ ಎಳೆದು ಕೂತಿರುವಾಗ ನಾವು ಹೋಗಿ ನೀರಾಟ ಆಡುವುದು ಎಷ್ಟರ ಮಟ್ಟಿಗೆ ಸರಿ ಎಂದು ಯೋಚಿಸಿದರೆ ಸಾಕು.

ಏಪ್ರಿಲ್, ಮೇ ರಜೆಯಲ್ಲಿ ಹೋಗುವವರೇ ಹೆಚ್ಚು. ಅಲ್ಲಿನ ಬಿಸಿಲು 33–35 ಡಿಗ್ರಿ ಎಂದರೆ ಪಾವಗಡ, ಶಿರಾದವರು ನಗುತ್ತಾರೆ. ನಗಬೇಡಿ. ನಮ್ಮಲ್ಲಿ ಬೆವರು ಬಂದ ಹಾಗೆ ಆರುತ್ತದೆ, ಅಲ್ಲಿ ಆರುವುದಿಲ್ಲ. ಗಾಳಿಯಲ್ಲೇ ನೀರಿನಂಶ ತುಂಬಿರುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ, ಬಾಯಾರಿಕೆ ಅನ್ನಿಸದಿದ್ದರೂ ದೇಹ ಒಣಗುತ್ತಿರುತ್ತದೆ. ಹನ್ನೊಂದರ ಮೇಲೆ ನಾಲ್ಕರವರೆಗೆ ಮರಳಿನ ಮೇಲೆ ಸುಳಿಯದೆ ಇರಬಲ್ಲಿರಾದರೆ ಮಾತ್ರ ಬೇಸಿಗೆ ಆರಿಸಿ.

ನನಗೆ ಸರಿ ಎನಿಸುವುದು ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆ. ಕಡಲು ಶಾಂತವಾಗುತ್ತಿರುತ್ತದೆ, ಘಟ್ಟ ಇನ್ನೂ ಹಸಿರಾಗಿರುತ್ತದೆ, ಜೋಗದಲ್ಲೂ ಒಂದಿಷ್ಟು ನೀರು ಉಳಿದಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಡಲು ಇನ್ನೂ ಚೆನ್ನ, ಆದರೆ ಜೋಗ ಸೊರಗುತ್ತದೆ. ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಕಟ್ಟಿ ನಿಲ್ಲಿಸಿರುವಾಗ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳೂ ಹೌದು. ಶನಿವಾರ, ಭಾನುವಾರ ಮುರುಡೇಶ್ವರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಜೆ ಹೊಂದಿಸಬಲ್ಲವರು ಭಾನುವಾರ ಹೊರಟು ಬುಧವಾರ ರಾತ್ರಿ ಇಲ್ಲವೇ ಗುರುವಾರ ಮರಳುವಂತೆ ನೋಡಿಕೊಳ್ಳಿ.

ಹೋಗುವುದು ಹೇಗೆ

ಸ್ವಂತ ಕಾರಿದ್ದರೆ ಬೆಳಗಿನ ಐದಕ್ಕೆ ಹೊರಡಿ. ಕಡೂರು, ಬೀರೂರಿನ ಹೊತ್ತಿಗೆ ತಿಂಡಿ, ಸಾಗರದಲ್ಲಿ ಊಟ, ಮಧ್ಯಾಹ್ನ ಜೋಗ, ಬೆಳಕಿರುವಾಗಲೇ ಘಟ್ಟ. ಕತ್ತಲಾದ ಮೇಲೆ ಘಟ್ಟ ಇಳಿಯುವ ಲೆಕ್ಕಾಚಾರ ಬೇಡ. ಅಪಾಯದ ಮಾತು ಹಾಗಿರಲಿ, ದಾರಿಯ ಚಂದದ ಭಾಗವೇ ಕಾಣದೆ ಹೋಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಬೆಂಗಳೂರಿನ ದಟ್ಟಣೆಗೆ ಸಿಕ್ಕಿಕೊಳ್ಳಬೇಕಾಗಿಲ್ಲ. ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ, ಹುಳಿಯಾರು ಮಾರ್ಗವಾಗಿ ಬಾಣಾವರಕ್ಕೆ ಬಂದು ಈ ದಾರಿಯನ್ನೇ ಕೂಡಿಕೊಳ್ಳಬಹುದು.

ರೈಲಿನವರಿಗೆ ಎರಡು ದಾರಿಗಳಿವೆ. ಮೈಸೂರಿನಿಂದ ಬೆಂಗಳೂರು, ತುಮಕೂರು ಮಾರ್ಗವಾಗಿ ತಾಳಗುಪ್ಪಕ್ಕೆ ಹೋಗುವ ರಾತ್ರಿ ಗಾಡಿ ಹಿಡಿದರೆ ಬೆಳಿಗ್ಗೆ ಹಳಿಯ ಕೊನೆಯ ನಿಲ್ದಾಣದಲ್ಲಿ ಇಳಿಯುತ್ತೀರಿ. ಜೋಗ ಅಲ್ಲಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಒಂದು ಎಚ್ಚರಿಕೆ: ನಡುರಾತ್ರಿಯ ಆಚೀಚೆ ನಿಮ್ಮ ಊರಿಗೆ ಬರುವ ಗಾಡಿಯಾದರೆ ಟಿಕೆಟ್‌ನ ತಾರೀಖನ್ನು ಎರಡು ಸಲ ನೋಡಿ. ಹನ್ನೆರಡು ದಾಟಿದರೆ ಅದು ಮರುದಿನದ ತಾರೀಖು. ಈ ಒಂದು ಲೆಕ್ಕ ತಪ್ಪಿ ಪ್ಲಾಟ್‌ಫಾರ್ಮಿನಲ್ಲಿ ಪರದಾಡುವ ಕುಟುಂಬಗಳು ಯಾವಾಗಲೂ ಇರುತ್ತವೆ. ಎರಡನೆಯದು ಬೆಂಗಳೂರು–ಕಾರವಾರ ನಡುವಿನ ಪಂಚಗಂಗಾ ಎಕ್ಸ್‌ಪ್ರೆಸ್. ಇದು ಕುಣಿಗಲ್, ಹಾಸನ, ಸಕಲೇಶಪುರ ಮಾರ್ಗವಾಗಿ ಘಟ್ಟ ಇಳಿದು ಉಡುಪಿ, ಮುರುಡೇಶ್ವರ, ಹೊನ್ನಾವರ ಮುಟ್ಟುತ್ತದೆ. ಕುಣಿಗಲ್, ತುರುವೇಕೆರೆ ಕಡೆಯವರಿಗೆ ಇದು ಅನುಕೂಲ. ಘಟ್ಟದ ಸುರಂಗಗಳನ್ನು ನಿದ್ದೆಯಲ್ಲೇ ದಾಟಿರುತ್ತೀರಿ, ಅದೊಂದೇ ನಷ್ಟ.

ಬಸ್ಸಿನವರಿಗೆ ಒಂದು ಮಾತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತ ಮತ್ತು ಎ.ಸಿ. ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಉಡುಪಿ, ಮಂಗಳೂರು ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಉತ್ತರ ಕನ್ನಡದಲ್ಲಿ ಹಾಗಲ್ಲ. ಅಲ್ಲಿ ವಾಯವ್ಯ ಸಾರಿಗೆಯ ಸರ್ಕಾರಿ ಬಸ್ಸುಗಳೇ ಊರಿಂದೂರಿಗೆ ಓಡುತ್ತವೆ. ಹೊನ್ನಾವರ, ಕುಮಟಾ, ಗೋಕರ್ಣ, ಭಟ್ಕಳದ ನಡುವೆ ಓಡಾಡಲು ಗಾಡಿ ಬಾಡಿಗೆಗೆ ಪಡೆಯಲೇಬೇಕೆಂದಿಲ್ಲ. ಆಧಾರ್ ಕಾರ್ಡ್ ಚೀಲದಲ್ಲಿರಲಿ.

ಕೋಣೆ ಕೇಳುವಾಗ

ಹೊನ್ನಾವರ ಪೇಟೆಯಲ್ಲಿ ಲಾಡ್ಜ್‌ಗಳಿವೆ, ನದಿಯ ಆಚೆ ದಡದ ಕಾಸರಕೋಡಿನಲ್ಲಿ ಹೋಮ್‌ಸ್ಟೇಗಳಿವೆ. ‘ಕಡಲ ಪಕ್ಕದಲ್ಲೇ’ ಎಂದು ಹೇಳಿಕೊಳ್ಳುವ ಮನೆಗಳಲ್ಲಿ ಕೆಲವು ನಿಜಕ್ಕೂ ಪಕ್ಕದಲ್ಲಿರುತ್ತವೆ, ಕೆಲವು ಹೆದ್ದಾರಿಯ ಪಕ್ಕದಲ್ಲಿರುತ್ತವೆ. ಮೊಬೈಲಿನ ನಕ್ಷೆಯಲ್ಲಿ ಮನೆಯ ಜಾಗ ಕಳುಹಿಸಿ ಎಂದು ಕೇಳಿದರೆ ಸತ್ಯ ತಿಳಿಯುತ್ತದೆ. ಕಾರು ಬಾಗಿಲವರೆಗೆ ಬರುತ್ತದೆಯೇ, ರಾತ್ರಿ ಊಟ ಮಾಡಿಕೊಡುತ್ತಾರೆಯೇ, ಮೀನು ಬೇಯಿಸುವ ಮನೆಯೋ ಬೇಯಿಸದ ಮನೆಯೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ಕೊನೆಯ ಪ್ರಶ್ನೆಗೆ ನಾಚಿಕೊಳ್ಳಬೇಡಿ, ಎರಡೂ ಬಗೆಯ ಮನೆಗಳು ಅಲ್ಲಿವೆ.

ಇನ್ನೊಂದು ಪ್ರಶ್ನೆಯನ್ನು ನಮ್ಮವರು ಕೇಳುವುದೇ ಇಲ್ಲ: ನಾಳೆ ಇಳಿತ ಎಷ್ಟು ಹೊತ್ತಿಗೆ? ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಎರಡೂ ಜೋರು. ಮನೆಯವರಿಗೆ ಇದು ಬಾಯಿಪಾಠವಾಗಿರುತ್ತದೆ. ಇಳಿತದ ಹೊತ್ತು ಗೊತ್ತಾದರೆ ದಿನದ ಯೋಜನೆ ತಾನಾಗಿಯೇ ಕೂಡಿಬರುತ್ತದೆ. ಅಗಲವಾದ ಗಟ್ಟಿ ಮರಳು, ಬಂಡೆಯ ಸಂದಿನ ಗುಂಡಿಗಳಲ್ಲಿ ಸಿಕ್ಕಿಬಿದ್ದ ಪುಟ್ಟ ಮೀನು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರದ ಬೇರುಗಳ ನಡುವೆ ಓಡುವ ಏಡಿ, ಎಲ್ಲವೂ ಕಾಣುವುದು ಆಗಲೇ.

ಗಂಟು ಕಟ್ಟುವಾಗ ಜೀನ್ಸ್ ಮನೆಯಲ್ಲೇ ಬಿಡಿ. ಒದ್ದೆಯಾದರೆ ಎರಡು ದಿನವಾದರೂ ಒಣಗುವುದಿಲ್ಲ. ತೆಳು ಹತ್ತಿ ಬಟ್ಟೆ, ನೀರಿಗೆ ಹೆದರದ ಚಪ್ಪಲಿ, ಟೋಪಿ, ಓ.ಆರ್.ಎಸ್. ಪೊಟ್ಟಣ, ಗೋಕರ್ಣದ ದೇವಸ್ಥಾನಕ್ಕೆ ಗಂಡಸರಿಗೊಂದು ಪಂಚೆ, ದೋಣಿಯವರಿಗೆ ಕೊಡಲು ಚಿಲ್ಲರೆ ನೋಟು. ಮುದ್ದೆ ಇಲ್ಲದೆ ನಿದ್ದೆ ಬಾರದವರು ನಾಲ್ಕು ದಿನ ಸಹಿಸಿಕೊಳ್ಳಬೇಕು.

ಮೊದಲ ದಿನ: ಜೋಗ ಮತ್ತು ಘಟ್ಟ

ಜೋಗದಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ನಿಲ್ಲಬೇಡಿ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಬೀಳುವುದನ್ನು ನೋಡಿ, ಬಿಸಿ ಬಜ್ಜಿ ತಿಂದು, ಹೊರಡಿ. ಮಾವಿನಗುಂಡಿ ದಾಟಿದ ಮೇಲೆ ದಾರಿ ಶರಾವತಿ ಕೊಳ್ಳದ ಅಂಚಿನಲ್ಲಿ ಇಳಿಯತೊಡಗುತ್ತದೆ. ಸಿಂಗಳೀಕಗಳ ಕಾಡು ಇದು. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ತುದಿಯಲ್ಲಿ ಗೊಂಡೆಯಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಕಂಡರೆ ಗಾಡಿಯೊಳಗಿಂದಲೇ ನೋಡಿ. ಬಿಸ್ಕತ್ತು, ಬಾಳೆಹಣ್ಣು ಎಸೆಯಬೇಡಿ. ಮರ ಬಿಟ್ಟು ಇಳಿಯದ ಪ್ರಾಣಿಯನ್ನು ನಾವೇ ಡಾಂಬರಿಗೆ ಇಳಿಸಿ ಗಾಡಿಯ ಚಕ್ರಕ್ಕೆ ಕೊಡುತ್ತಿದ್ದೇವೆ.

ಘಟ್ಟದ ಬುಡದ ಗೇರುಸೊಪ್ಪೆಯಲ್ಲಿ ಹೊತ್ತಿದ್ದರೆ ನಗರಬಸ್ತಿಕೇರಿಯ ಚತುರ್ಮುಖ ಬಸದಿ ನೋಡಬಹುದು. ಕಾಳುಮೆಣಸಿನ ವ್ಯಾಪಾರದಿಂದ ಬೆಳೆದ ರಾಜ್ಯವೊಂದು ಇಲ್ಲಿತ್ತು ಎಂದರೆ ಸುತ್ತಲಿನ ಕಾಡು ನೋಡಿದವರು ನಂಬುವುದಿಲ್ಲ. ಹೊನ್ನಾವರ ಮುಟ್ಟುವಾಗ ಸಂಜೆಯಾಗಿರುತ್ತದೆ. ಆ ದಿನ ಸೂರ್ಯ ಮುಳುಗುವುದನ್ನು ನೋಡಿ ಮಲಗಿ, ನೀರಿಗೆ ಇಳಿಯಬೇಡಿ.

ನೀರಿಗೆ ಇಳಿಯುವ ಮುನ್ನ ಇದನ್ನು ಓದಿ

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಬಯಲುಸೀಮೆಯವರಿಗೆ ನೀರು ಎಂದರೆ ಕೆರೆ, ಬಾವಿ, ಕಟ್ಟೆ. ಅಲ್ಲಿ ನಿಂತ ನೀರು, ಆಳವಾದರೂ ಸುಮ್ಮನಿರುತ್ತದೆ. ಅಮಾನಿಕೆರೆಯಲ್ಲಿ ಈಜಿದವನಿಗೆ ಕಡಲಿನಲ್ಲಿ ಈಜು ಬರುತ್ತದೆ ಎಂದೇನಿಲ್ಲ.

ಮೊದಲು ದಡದಲ್ಲೇ ಹತ್ತು ನಿಮಿಷ ನಿಂತು ನೋಡಿ. ಅಲೆಗಳು ಬಿಳಿಯಾಗಿ ಒಡೆಯುತ್ತಾ ಒಂದರ ಹಿಂದೊಂದು ಬರುತ್ತಿರುತ್ತವೆ. ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯುವುದಿಲ್ಲ. ನೀರು ಸ್ವಲ್ಪ ಕಪ್ಪಗೆ, ಇಲ್ಲವೇ ಮರಳು ಕದಡಿ ಕಂದಾಗಿ ಕಾಣುತ್ತದೆ. ನೊರೆ, ಕಸ ಕಡ್ಡಿ ಅಲ್ಲಿ ದಡದ ಕಡೆಗೆ ಬರುವ ಬದಲು ಒಳಕ್ಕೆ ಸರಿಯುತ್ತಿರುತ್ತವೆ. ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪಂದಿರು ‘ಇಲ್ಲಿ ಅಲೆ ಕಡಿಮೆ ಇದೆ’ ಎಂದು ಆರಿಸಿಕೊಳ್ಳುವುದು ಇದೇ ಜಾಗವನ್ನು. ಅದೇ ಸೆಳೆತ. ದಡಕ್ಕೆ ನುಗ್ಗಿ ಬಂದ ನೀರೆಲ್ಲ ಹಿಂದಕ್ಕೆ ಹರಿದುಹೋಗುವ ಓಣಿ ಅದು. ಮೊಣಕಾಲು ನೀರಿನಲ್ಲಿ ನಿಂತವರನ್ನೂ ಅದು ಕಾಲು ತಪ್ಪಿಸುತ್ತದೆ.

ಸಿಕ್ಕಿಕೊಂಡರೆ ದಡಕ್ಕೆ ನೇರವಾಗಿ ಈಜಲು ಹೆಣಗಬೇಡಿ. ಎಂಥ ಈಜುಗಾರನೂ ಅದರ ಎದುರು ಸುಸ್ತಾಗುತ್ತಾನೆ. ಮುಳುಗಿಸುವುದು ಸೆಳೆತವಲ್ಲ, ಸುಸ್ತು. ತೇಲಿಕೊಂಡು ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಅಡ್ಡಕ್ಕೆ ಈಜಿ ಆ ಓಣಿಯಿಂದ ಹೊರಗೆ ಬಂದು, ಅಲೆಗಳ ಜೊತೆ ದಡ ಸೇರಿ. ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ಹಿಂದೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮನೆಯ ಮೂವರು ಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ? ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಹಗ್ಗ, ತೇಲುವ ಏನಾದರೂ ಎಸೆಯಿರಿ. ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

ನದಿ ಕಡಲು ಸೇರುವ ಅಳಿವೆಯಲ್ಲಿ ಯಾವ ಕಾಲದಲ್ಲೂ ಇಳಿಯಬೇಡಿ. ಸೀರೆ, ದುಪಟ್ಟಾ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತವೆ, ಮೈ ಭಾರವಾಗುತ್ತದೆ. ನಮ್ಮ ಹೆಂಗಸರು ಉಟ್ಟ ಸೀರೆಯಲ್ಲೇ ಸೊಂಟದವರೆಗೆ ಇಳಿಯುವ ಅಭ್ಯಾಸ ನಿಲ್ಲಬೇಕು. ಕುಡಿದವರನ್ನು ನೀರಿನ ಹತ್ತಿರಕ್ಕೇ ಬಿಡಬೇಡಿ. ಕೆಂಪು ಬಾವುಟ ಹಾಕಿದ್ದಾರೆ ಎಂದರೆ ಹಾಕಿದ್ದಾರೆ. ‘ನಾವು ಅಷ್ಟು ದೂರದಿಂದ ಬಂದಿದ್ದೇವೆ’ ಎಂದು ಜೀವರಕ್ಷಕನ ಜೊತೆ ವಾದಕ್ಕೆ ನಿಲ್ಲುವುದು ನಾಚಿಕೆಗೇಡು.

ಹಾಗಾದರೆ ಆಡುವುದೆಲ್ಲಿ? ಅದಕ್ಕೆ ಉತ್ತರ ಎರಡನೆಯ ದಿನದಲ್ಲಿದೆ.

ಎರಡನೆಯ ದಿನ: ಹೊನ್ನಾವರದ ಸುತ್ತ

ಕಾಸರಕೋಡಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ಆ ವರ್ಷ ದೇಶದಲ್ಲಿ ಆಯ್ಕೆಯಾದ ಎಂಟು ಕಡಲತೀರಗಳಲ್ಲಿ ಕರ್ನಾಟಕದವು ಎರಡು. ಇನ್ನೊಂದು ಪಡುಬಿದ್ರಿ. ಈ ಮಾನ್ಯತೆಗೆ ನೀರಿನ ಗುಣಮಟ್ಟ, ಸ್ವಚ್ಛತೆಯ ಜೊತೆಗೆ ಸುರಕ್ಷತೆಯೂ ಲೆಕ್ಕಕ್ಕೆ ಬರುತ್ತದೆ. ಸ್ನಾನಕ್ಕೆ ಗುರುತು ಮಾಡಿದ ಜಾಗ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಷವರ್ ಇರುವ ಕಡೆಯಲ್ಲೇ ಮಕ್ಕಳನ್ನು ಇಳಿಸಿ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ನಮ್ಮ ಕಡಲು ಪಡುವಣಕ್ಕೆ ಮುಖ ಮಾಡಿರುವುದರಿಂದ ಸೂರ್ಯ ಬೆನ್ನ ಹಿಂದೆ, ತೆಂಗಿನ ಮರಗಳ ಆಚೆ ಏರುತ್ತಾನೆ. ಮರಳಿನ ಮೇಲೆ ನೆರಳು ಇನ್ನೂ ಉಳಿದಿರುತ್ತದೆ.

ಅಲ್ಲಿಂದ ಹತ್ತಿರದಲ್ಲೇ ಶರಾವತಿ ಕಾಂಡ್ಲಾ ನಡಿಗೆ ಇದೆ. ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆ ಹಾಸಿದ ಹಾದಿ. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಇಳಿತದಲ್ಲಿ ಹೋಗಿ, ಮಾತು ನಿಲ್ಲಿಸಿ, ಹಲಗೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೆಳಗಿನ ಕೆಸರು ನೋಡಿ. ಮೊದಲು ಏನೂ ಕಾಣುವುದಿಲ್ಲ. ಎರಡು ನಿಮಿಷ ಕಳೆದರೆ ಕೆಸರೇ ಅಲುಗಿದ ಹಾಗೆ ಕಾಣುತ್ತದೆ. ಬೆರಳುದ್ದದ ಮೀನೊಂದು ಎದೆಯ ರೆಕ್ಕೆಗಳನ್ನು ಊರಿಕೊಂಡು ನೀರಿಲ್ಲದ ಕೆಸರಿನ ಮೇಲೆ ತೆವಳುತ್ತಿರುತ್ತದೆ, ತಲೆಯ ಮೇಲೆ ಉಬ್ಬಿದ ಎರಡು ಕಣ್ಣು. ನೆರಳು ಬಿದ್ದರೆ ಟಣ್ಣನೆ ಜಿಗಿದು ಬಿಲಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಗಂಡು ಏಡಿ, ಒಂದು ಕೊಂಡಿ ಮೈಗಿಂತ ದೊಡ್ಡದು, ಅದನ್ನು ಎತ್ತಿ ಇಳಿಸಿ ಯಾರನ್ನೋ ಕರೆಯುತ್ತಿರುತ್ತದೆ. ಬೇರುಗಳು ಕೆಲವು ಕಮಾನಿನಂತೆ ಮೇಲಿಂದ ಇಳಿದಿರುತ್ತವೆ, ಕೆಲವು ಉಸಿರಾಡಲೆಂದು ನೆಲದಿಂದ ಮೇಲಕ್ಕೆ ಚಾಚಿರುತ್ತವೆ. ಉಪ್ಪುನೀರಿನ ಕೆಸರಿನಲ್ಲಿ ಗಾಳಿ ಇಲ್ಲದ ಕಾರಣ ಮರ ಕಂಡುಕೊಂಡ ಉಪಾಯ ಅದು. ಮಕ್ಕಳ ಪಠ್ಯಪುಸ್ತಕದ ಒಂದು ಪಾಠ ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಮಧ್ಯಾಹ್ನ ಮಲಗಿ. ಸಂಜೆ ಎರಡು ದಾರಿಗಳಿವೆ. ಒಂದು, ಶರಾವತಿಯಲ್ಲಿ ದೋಣಿ. ತೆಂಗಿನ ತೋಟದ ದ್ವೀಪಗಳನ್ನು ಬಳಸಿಕೊಂಡು ಹೋಗುತ್ತದೆ. ನೀರಿನಿಂದ ನೋಡಿದರೆ ಕೊಂಕಣ ರೈಲ್ವೆಯ ಸೇತುವೆ ಎರಡು ಕಿಲೋಮೀಟರಿಗೂ ಉದ್ದಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಲೈಫ್ ಜಾಕೆಟ್ ಕೊಡದ ದೋಣಿಗೆ ಹತ್ತಬೇಡಿ. ಕೊಟ್ಟದ್ದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಡಿ. ಇನ್ನೊಂದು, ಅಪ್ಸರಕೊಂಡ. ಚಿಕ್ಕದೊಂದು ಜಲಪಾತ, ಗುಡ್ಡದ ನೆತ್ತಿಯಿಂದ ಇಡೀ ಕಡಲತೀರದ ನೋಟ. ಸೂರ್ಯಾಸ್ತಕ್ಕೆ ಇದಕ್ಕಿಂತ ಸುಲಭದ ಜಾಗ ಇಲ್ಲ, ವಯಸ್ಸಾದವರೂ ಬರಬಹುದು.

ನವೆಂಬರ್‌ನಿಂದ ಮೇವರೆಗೆ ಹೋದರೆ ಎಲ್ಲಾದರೂ ಯಕ್ಷಗಾನವಿದೆಯೇ ಎಂದು ಅಂಗಡಿಯವರನ್ನು ಕೇಳಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಇದೇ ತಾಲ್ಲೂಕಿನದು, ಗುಣವಂತೆಯಲ್ಲಿದೆ. ನಮ್ಮ ಕಡೆಯ ಮೂಡಲಪಾಯದ ಆಟ ನೋಡಿದ್ದವರಿಗೆ ಇಲ್ಲಿನ ಚೆಂಡೆ, ಕುಣಿತ, ಮಾತುಗಾರಿಕೆ ಬೇರೆಯೇ ಲೋಕ ಎನಿಸುತ್ತದೆ. ಇಡೀ ರಾತ್ರಿ ಕೂರಬೇಕಿಲ್ಲ, ಎರಡು ಗಂಟೆ ಕೂತರೂ ಲಾಭವೇ.

ಮೂರನೆಯ ದಿನ: ಮುರುಡೇಶ್ವರ

ಬೆಳಗಿನ ಏಳಕ್ಕೆ ಅಲ್ಲಿರಿ. 123 ಅಡಿಯ ಶಿವ, ಇಪ್ಪತ್ತು ಅಂತಸ್ತಿನ ರಾಜಗೋಪುರ, ಗೋಪುರದ ಲಿಫ್ಟ್. ಹತ್ತು ಗಂಟೆಯ ಮೇಲೆ ಲಿಫ್ಟಿನ ಸಾಲೇ ಒಂದು ಯಾತ್ರೆ. ಮೇಲಿಂದ ನೋಡಿದರೆ ಮೂರು ಕಡೆ ನೀರು, ಕೆಳಗೆ ಬಣ್ಣಬಣ್ಣದ ದೋಣಿಗಳು. ದರ್ಶನವೂ ಸೇರಿ ಎರಡೂವರೆ ಗಂಟೆ ಸಾಕು. ಇಲ್ಲಿ ನೀರಿಗೆ ಇಳಿಯಬೇಡಿ. ಜನಜಂಗುಳಿಯಲ್ಲಿ ಯಾರು ಎಲ್ಲಿದ್ದಾರೆ ಎಂಬುದೇ ತಿಳಿಯುವುದಿಲ್ಲ.

ಮನೆಯಲ್ಲಿ ಹರೆಯದವರಿದ್ದರೆ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಬಹುದು. ಈಜು ಬರಬೇಕಾಗಿಲ್ಲ, ಮೊದಲ ಸಲದವರ ಜೊತೆ ತರಬೇತುದಾರರು ಇರುತ್ತಾರೆ. ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ನೆಗಡಿ ಇದ್ದರೆ ಹೋಗಲೇಬೇಡಿ, ಕಿವಿಯ ಒತ್ತಡ ತಡೆಯಲಾಗುವುದಿಲ್ಲ. ಉಬ್ಬಸ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಅರ್ಜಿಗೆ ಸಹಿ ಹಾಕಬೇಡಿ. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ದೋಣಿಯ ತೂಗಾಟಕ್ಕೆ ಹೊಟ್ಟೆ ತೊಳಸುತ್ತದೆ, ಇಡ್ಲಿಗಿಂತ ಹೆಚ್ಚಿನ ತಿಂಡಿ ಬೇಡ. ಗಾಳಿ ಬದಲಾದರೆ ಆ ದಿನದ ದೋಣಿ ರದ್ದು. ಮುಂಗಡ ಕೊಡುವ ಮೊದಲೇ ರದ್ದಾದರೆ ಹಣ ಮರಳಿಸುತ್ತೀರಾ ಎಂದು ಕೇಳಿ, ಉತ್ತರವನ್ನು ಮೊಬೈಲಿನಲ್ಲಿ ಬರೆದು ಕಳುಹಿಸಲು ಹೇಳಿ.

ಮರಳುವಾಗ ಇಡಗುಂಜಿಯ ಗಣಪತಿ.

ನಾಲ್ಕನೆಯ ದಿನ: ಅಘನಾಶಿನಿ ದಾಟಿ ಗೋಕರ್ಣಕ್ಕೆ

ಗೋಕರ್ಣಕ್ಕೆ ಹೋಗುವವರೆಲ್ಲ ಹೆದ್ದಾರಿಯಲ್ಲಿ ಮಾದನಗೇರಿಯವರೆಗೆ ಹೋಗಿ ಎಡಕ್ಕೆ ತಿರುಗುತ್ತಾರೆ. ಕಾರಿನವರಿಗೆ ಅದೇ ಸರಿ. ದಾರಿಯಲ್ಲಿ ಮಿರ್ಜಾನ್ ಕೋಟೆಯೂ ಸಿಗುತ್ತದೆ, ಕೆಂಪು ಜಂಬಿಟ್ಟಿಗೆಯ ಗೋಡೆ, ಮಳೆ ನಿಂತ ಮೇಲೆ ಅದಕ್ಕೆ ಹಸಿರು ಪಾಚಿ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿದ್ದ ಕೋಟೆ. ಮೊದಲ ದಿನ ಬಸದಿ ನೋಡಿದವರಿಗೆ ಆ ಮೆಣಸು ಎಲ್ಲಿಂದ ಹಡಗು ಹತ್ತುತ್ತಿತ್ತು ಎಂಬುದು ಇಲ್ಲಿ ತಿಳಿಯುತ್ತದೆ.

ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವವರಿಗೆ ಬೇರೊಂದು ದಾರಿ ಇದೆ. ಕುಮಟಾದಿಂದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿ ನದಿಯ ಅಳಿವೆಯನ್ನು ದೋಣಿಯಲ್ಲಿ ದಾಟಿ ತದಡಿಯಲ್ಲಿ ಇಳಿಯುವುದು. ಊರಿನವರು ದಿನವೂ ಓಡಾಡುವ ದೋಣಿ, ಬೈಕನ್ನೂ ಹತ್ತಿಸಿಕೊಳ್ಳುತ್ತಾರೆ. ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಸಿಕೊಳ್ಳದೆ ಘಟ್ಟದಿಂದ ಕಡಲಿಗೆ ಬರುವ ನದಿ ಇದು. 2024ರಲ್ಲಿ ಇದರ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಆರಿಸುವವರನ್ನು ಕಾಣಬಹುದು. ಕಾಲಿನಲ್ಲೇ ತಡಕಿ, ಬಾಗಿ, ಕೈಹಾಕಿ ಎತ್ತಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಫೋಟೊ ತೆಗೆಯುವ ಮುಂಚೆ ಕೇಳಿ, ಅವರು ಕೆಲಸದಲ್ಲಿದ್ದಾರೆ. ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗಿದರೂ ತಡೆಯುವ ಕಗ್ಗ ಭತ್ತ ಬೆಳೆಯುವುದೂ ಇಲ್ಲೇ. ಫೆಬ್ರವರಿಯ ನಂತರ ಹೋದರೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುವುದನ್ನು ನೋಡಬಹುದು.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಬೆಳಿಗ್ಗೆ, ಕುಡ್ಲೆ ಮತ್ತು ಓಂ ತೀರ ಸಂಜೆ. ಎರಡರ ನಡುವೆ ಗುಡ್ಡದ ಕಾಲುಹಾದಿ ಅರ್ಧ ಗಂಟೆಯದು. ಅರ್ಧಚಂದ್ರ, ಪ್ಯಾರಡೈಸ್ ತೀರಗಳವರೆಗಿನ ನಡಿಗೆಯನ್ನು ಗಟ್ಟಿ ಮಂಡಿಯವರು ಮಾತ್ರ ಮಾಡಲಿ, ಕತ್ತಲಿಗೆ ಮುಂಚೆ ಮರಳಲಿ. ಓಂ ತೀರದ ಬಂಡೆಗಳ ಮೇಲೆ ಪಾಚಿ ಜಾರುತ್ತದೆ. ಸೆಲ್ಫಿಗೆಂದು ತುದಿಗೆ ಹೋದವರನ್ನು ಒಂದೇ ದೊಡ್ಡ ಅಲೆ ಎಳೆದೊಯ್ಯಬಹುದು.

ಊಟದ ಮಾತು

ಮೀನು ತಿನ್ನುವವರು ಹೊಸಬರಾದರೆ ಬಂಗುಡೆಯಿಂದ ಶುರುಮಾಡಬೇಡಿ, ಮುಳ್ಳು ಬಿಡಿಸುವುದರಲ್ಲೇ ಊಟ ಮುಗಿಯುತ್ತದೆ. ಕಾಣೆಯ ರವಾ ಫ್ರೈ ಸುಲಭ, ಮೆತ್ತಗೆ, ಮುಳ್ಳು ಕಡಿಮೆ. ಹೋಟೆಲಿನಲ್ಲಿ ಮೀನೂಟ ಎಂದರೆ ಸಾರು, ಅನ್ನ ಮತ್ತು ಒಂದು ತುಂಡು. ಫ್ರೈಗೆ ಬೇರೆ ಬೆಲೆ, ಅದೂ ಆ ದಿನದ ಮಾರುಕಟ್ಟೆಯಂತೆ. ಮೊದಲೇ ಕೇಳಿದರೆ ಬಿಲ್ ನೋಡಿ ಬೆಚ್ಚಬೇಕಾಗಿಲ್ಲ. ಮೀನು ಬೇಡವಾದವರಿಗೆ ನೀರುದೋಸೆ, ಬನ್ಸ್, ತಂಬುಳಿ, ಮುರುಗಲು (ಕೋಕಂ) ಹಣ್ಣಿನ ಪಾನಕ. ಕುಚ್ಚಲಕ್ಕಿ ಅನ್ನ ನಮ್ಮವರಿಗೆ ಮೊದಲ ತುತ್ತಿಗೆ ಬೇಯದ ಹಾಗೆ ಕಾಣುತ್ತದೆ. ಬೆಂದಿರುತ್ತದೆ, ಗಂಜಿಯ ಜೊತೆ ತಿಂದು ನೋಡಿ. ಎಲ್ಲದರಲ್ಲೂ ತೆಂಗಿನೆಣ್ಣೆ ಇರುತ್ತದೆ. ತಿಪಟೂರಿನ ಕೊಬ್ಬರಿಯನ್ನು ದೇಶಕ್ಕೆಲ್ಲ ಮಾರುವ ನಾವು ಅಡುಗೆಗೆ ಕಡಲೆಕಾಯಿ ಎಣ್ಣೆ ಬಳಸುವವರು. ಹೊಟ್ಟೆ ಒಗ್ಗಿಕೊಳ್ಳಲು ಒಂದು ದಿನ ಕೊಡಿ.

ಮರಳುವಾಗ

ಒಣಮೀನು ಕೊಂಡರೆ ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿಸಿ, ಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಶಿವಮೊಗ್ಗ ಬರುವ ಮೊದಲೇ ಬಸ್ಸಿನ ಅರ್ಧ ಜನ ನಿಮ್ಮ ಸೀಟಿನ ಕಡೆ ತಿರುಗಿ ನೋಡುತ್ತಿರುತ್ತಾರೆ. ಚಿಪ್ಪುಗಳನ್ನು ಚೀಲ ತುಂಬಿಸಿಕೊಂಡು ಬರಬೇಡಿ. ಖಾಲಿ ಶಂಖದೊಳಗೆ ಸನ್ಯಾಸಿ ಏಡಿ ಮನೆ ಮಾಡಿಕೊಂಡಿರುತ್ತದೆ, ಎರಡನೇ ದಿನಕ್ಕೆ ಸತ್ತು ನಾರುತ್ತದೆ.

ಸಂಜೆಯ ಘಟ್ಟ ಹತ್ತುವ ಬದಲು ನಾಲ್ಕನೆಯ ರಾತ್ರಿಯೂ ಹೊನ್ನಾವರದಲ್ಲೇ ಮಲಗಿ, ಬೆಳಗಿನ ಆರಕ್ಕೆ ಹೊರಟರೆ ಮಧ್ಯಾಹ್ನ ತುಮಕೂರು. ರಜೆ ಇಲ್ಲದವರು ರಾತ್ರಿಯ ರೈಲು ಅಥವಾ ಬಸ್ಸಿಗೆ ಹೊರಡುವ ಮೊದಲೇ ಟಿಕೆಟ್ ಮಾಡಿಸಿರಬೇಕು. ಹಬ್ಬದ ವಾರದಲ್ಲಿ ನಿಂತುಕೊಂಡೇ ಬರಬೇಕಾಗುತ್ತದೆ. ಊರಿಗೆ ಬಂದ ಮರುದಿನವೇ ಕಾರು ಅಥವಾ ಬೈಕಿನ ತಳಭಾಗವನ್ನು ಸಿಹಿನೀರಿನಲ್ಲಿ ಒತ್ತಡ ಹಾಕಿ ತೊಳೆಸಿ. ಮರಳು, ಉಪ್ಪು ಸಂದುಗಳಲ್ಲಿ ಕೂತರೆ ತುಕ್ಕು ಹಿಡಿಯಲು ಶುರುವಾಗುತ್ತದೆ. ತೊಳೆಯುವ ಹುಡುಗನಿಗೆ ಚಕ್ರದ ಒಳಗಿನ ಕಮಾನನ್ನೂ ಬಿಡಬೇಡ ಎಂದು ಹೇಳಿ.